ಒಟ್ಟು, ಲಭ್ಯ

ಕುಂದಾಪುರದ ಕಡೆಯಿಂದ ಬಂತು
ಹನ್ನೊಂದು ಪೊಟ್ಟಣ ಕೆಸರು.
ಐಸ್ ಕರಗಿ, ಥರ್ಮಾಕೋಲ್ ಡಬ್ಬಿಯ ಮೂಲೆ ಸೋರಿ
ಚಿಂತಾಮಣಿಯ ರಸ್ತೆಯಿಂದ ನಮ್ಮ ಲ್ಯಾಬಿನ ಮೆಟ್ಟಿಲವರೆಗೆ
ಒಂದು ಕರಿಗೆರೆ.
ಕೊಳೆತ ಮೊಟ್ಟೆಯೇನಮ್ಮಾ, ಅಂದನಂತೆ ಆಟೋದವನು.
ಕಾಂಡ್ಲಾ ಕಾಡಿನ ನೆಲ, ಅಂದಳಂತೆ ಗೌಸಿಯಾ.
ಹತ್ತು ರೂಪಾಯಿ ಜಾಸ್ತಿ ತಗೊಂಡ.

ನಾನು ಇಲ್ಲಿ ಗಾಜು ತೊಳೆಯುವವಳು.
ಹತ್ತೊಂಬತ್ತು ವರ್ಷ ಮಣ್ಣು ಒಣಗಿಸಿ, ಕುಟ್ಟಿ, ಜರಡಿ ಹಿಡಿದು
ಕೈಗೇ ತಿಳಿಯುತ್ತದೆ:
ಇದು ಕೈವಾರದ ಕಡೆಯ ಕೆಂಪು,
ಇದು ಟೊಮೇಟೊ ಹಾಕಿ ಹಾಕಿ ಸುಸ್ತಾದದ್ದು,
ಇದರಲ್ಲಿ ಬರೀ ಕಲ್ಲು, ಬದುವಿನಲ್ಲೇ ಕೆರೆದು ತಂದಿದ್ದಾನೆ.
ಇದು ಮಾತ್ರ ತಿಳಿಯಲಿಲ್ಲ.
ಮೂರು ದಿನ ನೆರಳಲ್ಲಿ ಹರವಿದರೂ
ಉಪ್ಪು ಮೇಲೆದ್ದು, ಒಳಗೊಳಗೆ ಒದ್ದೆ.

ಅಲ್ಲಿ ಬೇರು ಮೇಲಕ್ಕೆ ಬೆಳೀತಾವೆ ಪಿಳ್ಳಕ್ಕಾ,
ಪೆನ್ಸಿಲ್ ನೆಟ್ಟ ಹಾಗೆ, ಉಸಿರಿಗೆ.
ಕೆಳಗೆ ಗಾಳಿಯೇ ಇಲ್ಲ.
ದಿನಕ್ಕೆರಡು ಸಲ ಸಮುದ್ರ ಬಂದು ಬಾಗಿಲು ಹಾಕ್ತದೆ,
ಬಿದ್ದ ಎಲೆ ಪೂರ್ತಿ ಕೊಳೆಯೋ ಹಾಗೂ ಇಲ್ಲ.
ಅದಕ್ಕೇ ಸಾರಜನಕ ಅಲ್ಲೇ ಕೂತಿರ್ತದೆ,
ಅಜ್ಜನ ಅಜ್ಜನ ಕಾಲದ್ದೂ.

ಸಮುದ್ರ ನಾನು ನೋಡಿಲ್ಲ.
ಬತ್ತಿದ ಕೆರೆಯ ಹೊಟ್ಟೆ ನೋಡಿದ್ದೇನೆ.
ಅಮ್ಮ ಬೇಸಿಗೆಯಿಡೀ ಮಂಕರಿಯಲ್ಲಿ ಗೋಡು ಹೊತ್ತಳು,
ಪಟೇಲರ ಹೊಲಕ್ಕೆ ಅರವತ್ತು ಗಾಡಿ.
ನಮ್ಮ ಹಿತ್ತಲಿಗೆ
ಮಂಕರಿಯ ಸಂದಿಯಲ್ಲಿ ಅಂಟಿ ಉಳಿದಷ್ಟು;
ಬೋರಲು ಹಾಕಿ ತಳ ಬಡಿಯುತ್ತಿದ್ದಳು, ದಿನಾ ಸಂಜೆ,
ದಬ್ ದಬ್.
ಆ ಜಾಗದ ಅವರೆ ಬಳ್ಳಿ ಸೂರು ಹತ್ತಿತು.
ಕಿತ್ತು ನೋಡಿದರೆ ಬೇರಿನ ತುಂಬ ಗಂಟು,
ಉಗುರಿನಿಂದ ಸೀಳಿದರೆ ಒಳಗೆ
ಬೆಕ್ಕಿನ ಮರಿಯ ನಾಲಿಗೆಯ ಬಣ್ಣ.

ಕೆಸರನ್ನು ಆಸಿಡ್ಡಿನಲ್ಲಿ ಬೇಯಿಸಿದೆವು.
ಮೊದಲು ಇದ್ದಿಲು ಕಪ್ಪು, ಬಿಳಿ ಹೊಗೆ,
ಮಧ್ಯಾಹ್ನದ ಹೊತ್ತಿಗೆ ತಿಳಿ ಹಸಿರು.
ಕ್ಷಾರ ಹಾಕಿದ್ದೇ ಕೊಟ್ಟಿಗೆಯ ವಾಸನೆ,
ಗಂಜಲ, ನಮ್ಮೂರಿನದೇ, ಸಮುದ್ರದ್ದಲ್ಲ.
ಕೊಳವೆಯ ತುದಿಯಲ್ಲಿ ಕಾಯುತ್ತಿದ್ದ ಗುಲಾಬಿ ನೀರು
ಹಸಿರಾಯಿತು. ಅಷ್ಟೇ. ಬಂದಿತ್ತು.
ಅದನ್ನು ಮತ್ತೆ ಗುಲಾಬಿಗೆ ತರಲು
ಎಷ್ಟು ಹನಿ ಬೇಕೋ ಅಷ್ಟು ಅದರ ಲೆಕ್ಕ.
ಗೌಸಿಯಾ ಉಸಿರು ಹಿಡಿದು ಎಣಿಸಿದಳು,
ನಾನೂ ಹಿಡಿದಿದ್ದೆ, ಯಾಕೋ.

ಲ್ಯಾಬಿನ ಪುಸ್ತಕದಲ್ಲಿ ಎರಡು ಕಲಂ.
ಒಟ್ಟು ಸಾರಜನಕ.
ಲಭ್ಯ ಸಾರಜನಕ.
ಒಟ್ಟು, ನಮ್ಮ ಕೆಂಪು ಮಣ್ಣಿಗಿಂತ ಎಷ್ಟೋ ಪಾಲು ಹೆಚ್ಚು.
ಲಭ್ಯ, ಚಿಟಿಕೆ.
ಇರುವುದು ಬೇರೆ ಪಿಳ್ಳಕ್ಕಾ, ಕೈಗೆ ಬರೋದು ಬೇರೆ,
ಅಂತ ವಿವರಿಸಲು ಬಂದಳು ಹುಡುಗಿ.
ನಗು ಬಂತು.
ನಮ್ಮತ್ತೆಯ ಜೊತೆ ಇಪ್ಪತ್ತಾರು ವರ್ಷ ಬಾಳಿದವಳು ನಾನು,
ಆಕೆ ಹೋದ ಮೇಲೆ ಟ್ರಂಕಿನ ತಳದಲ್ಲಿ
ನನ್ನ ಹೆಸರು ಹೊಲಿದ ಚೀಲ, ಒಳಗೆ
ಒಂದು ಜೊತೆ ಬೆಳ್ಳಿ ಕಾಲುಂಗುರ, ಹಾಕದ್ದು.

ಈಗ ನಮ್ಮ ಕೆರೆಗೆ ಬೆಂಗಳೂರಿನ ಬಚ್ಚಲು ನೀರು ಬರುತ್ತದೆ,
ತೊಳೆದು ಸೋಸಿದ್ದು ಅನ್ನುತ್ತಾರೆ.
ಆಪು, ಜೊಂಡು ಆಳೆತ್ತರ.
ಅಷ್ಟು ಊರಿನ ಅಷ್ಟು ಜನ ತಿಂದ ಬೇಳೆಯ ಸಾರವೆಲ್ಲ
ತಳದಲ್ಲಿ ಇಳಿದು ಕೂರುತ್ತಿರಬೇಕು.
ಯಾರ ಮಂಕರಿಗೆ ಅಂಟುತ್ತದೋ.

ಸಂಜೆ ಮೊಮ್ಮಗ ಕೇಳಿದ,
ಸಾರಜನಕ ಅಂದರೆ ಸಾರಿನ ಅಪ್ಪನಾ ಅಜ್ಜಿ?
ಹೂಂ ಕಣೋ, ಅಂದೆ.
ಒಲೆಯ ಮೇಲೆ ಹಿತಕಿದ ಬೇಳೆ ಕುದಿಯುತ್ತಿತ್ತು.
ಮೂರು ಸಲ ಸೋಪು ಹಾಕಿದರೂ ಕೈಯಲ್ಲಿ
ಆ ಕಾಡು.

ಹನ್ನೊಂದನೆಯ ಪೊಟ್ಟಣ ಬೇಯಿಸಲಿಲ್ಲ,
ಆಸಿಡ್ ಮುಗಿದಿತ್ತು, ಇಂಡೆಂಟು ಇನ್ನೂ ಮೇಲಿನ ಮೇಜಿನಲ್ಲಿದೆ.
ಫ್ರಿಜ್ಜಿನ ತಳದ ತಟ್ಟೆಯಲ್ಲಿದೆ ಅದು, ದಾರ ಬಿಗಿದು.
ಕರೆಂಟು ಹೋದಾಗ ಬಾಗಿಲು ತೆಗೀಬೇಡಿ ಅಕ್ಕಾ,
ಅಂತ ಹೇಳಿ ಹೋಗಿದ್ದಾಳೆ.
ತೆಗೆದಿಲ್ಲ.
ಹಾದು ಹೋಗುವಾಗ ಬಾಗಿಲಿಗೆ ಒಮ್ಮೆ
ಕೈ ಇಟ್ಟಿದ್ದೇನೆ, ಅಷ್ಟೆ.